ಗಿಡ್ಡ ಬಾಣದ ಸಿನಿಮಾ

ಮಾನ್ಯ ಸಂಪಾದಕರೇ,

ಕಿಮ್ ಹಾನ್-ಮಿನ್ ನಿರ್ದೇಶಿಸಿ 2011ರಲ್ಲಿ ತೆರೆಕಂಡ ಕೊರಿಯಾದ ‘ವಾರ್ ಆಫ್ ದಿ ಆರೋಸ್’ ಚಿತ್ರವನ್ನು ಬರಿಯ ಹೊಡೆದಾಟದ ಸಿನಿಮಾ ಎಂದು ಬದಿಗಿಡುವುದು ಸರಿಯಲ್ಲ. 1636ರಲ್ಲಿ ಉತ್ತರದ ಮಂಚು ಜನರ ಸೇನೆ ಜೋಸನ್ ರಾಜ್ಯದ (ಅಂದಿನ ಕೊರಿಯಾದ) ಮೇಲೆ ದಂಡೆತ್ತಿ ಬಂದಾಗ, ಮದುವೆಯ ದಿನವೇ ಸೆರೆಯಾದ ತಂಗಿಯನ್ನು ಬಿಡಿಸಲು ಹೊರಡುವ ಅಣ್ಣನ ಕಥೆ ಸರಳವಾದದ್ದೇ. ಆದರೆ ಸೀಳಿದ ನಳಿಕೆಯೊಳಗಿಟ್ಟು ಮಾಮೂಲಿ ಬಿಲ್ಲಿನಿಂದಲೇ ಬಿಡುವ ಗಿಡ್ಡ ಬಾಣದ ವೇಗವನ್ನು, ಅದು ಎದುರಾಳಿಯ ಕಣ್ಣಿಗೆ ಸುಲಭವಾಗಿ ಬೀಳದ ಗುಣವನ್ನು, ಮಂಚು ಸೇನಾನಿಯ ಭಾರವಾದ ಬಾಣದ ಎದುರಿಗಿಟ್ಟು ತೋರಿಸಿದ ರೀತಿ ಮೆಚ್ಚತಕ್ಕದ್ದು (ಹುಲಿಯ ಪ್ರಸಂಗ ಮಾತ್ರ ಅತಿಯಾಯಿತು). ಆಕ್ರಮಣಕಾರರ ಬಾಯಲ್ಲಿ ಮಂಚು ಭಾಷೆಯನ್ನೇ ಆಡಿಸಿರುವುದೂ ಶ್ಲಾಘನೀಯ. 1637ರಲ್ಲಿ ಜೋಸನ್ ದೊರೆ ಇಂಜೊ ಮಂಚುಗಳಿಗೆ ಶರಣಾದ ಮೇಲೂ ಮನೆಗೆ ಮರಳಲಾಗದೆ ಉಳಿದ ಸೆರೆಯಾಳುಗಳ ಪಾಡಿಗೆ ಚಿತ್ರದಲ್ಲಿ ಇನ್ನಷ್ಟು ಜಾಗ ಸಿಗಬೇಕಿತ್ತು.

– ಒಬ್ಬ ಓದುಗ