ಪಹಣಿಯಲ್ಲಿ ನನ್ನ ಹೆಸರು, ಮತ್ತು ನನ್ನ ಅತ್ತೆ

ಹೋದ ಸೋಮವಾರ ಅಪ್ಪನ ಹೊಲದ ಪಹಣಿಯಲ್ಲಿ ನನ್ನ ಹೆಸರು ಬಂತು. 1 ಎಕರೆ 4 ಗುಂಟೆ. ಅಕ್ಕನಿಗೂ ಅಷ್ಟೇ, ಅಣ್ಣನಿಗೂ ಅಷ್ಟೇ. ಒಟ್ಟು 3 ಎಕರೆ 12 ಗುಂಟೆಯಲ್ಲಿ ಮೂರು ಸಮಪಾಲು. ನಾಡಕಚೇರಿ ಮೆಟ್ಟಿಲ ಮೇಲೆ ಕೂತು ಆ ಹಾಳೆಯನ್ನು ಮೂರು ಸಲ ಓದಿದೆ. ಮದುವೆಯಾದ ಮೇಲೆ ಎಲ್ಲ ಕಾಗದದಲ್ಲೂ ನಾನು ಇಂಥವರ ಹೆಂಡತಿ. ಇದರಲ್ಲಿ ನನ್ನ ಹೆಸರಿನ ಪಕ್ಕ ಅಪ್ಪನ ಹೆಸರಿದೆ. ಅಲ್ಲೇ ಕೂತು ಅತ್ತುಬಿಟ್ಟೆ.

ಆ ಹೊಲದಲ್ಲಿ ನಮ್ಮ ಪಾಲಿಗಾಗಿ ನಡೆದ ಕೇಸಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ವಂಶವೃಕ್ಷಕ್ಕೆ ಅಲೆದದ್ದು, ವಾಯಿದೆ ಮೇಲೆ ವಾಯಿದೆ ಬಿದ್ದದ್ದು, ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿ ಆದದ್ದು, ಆಮೇಲೆ ಹೊಲ ಅಳೆದು ಪಾಲು ತೋರಿಸುವ 11ಇ ನಕ್ಷೆಗೆ ಕಾದದ್ದು. ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಜೊತೆಗಿದ್ದ ಎಲ್ಲರಿಗೂ ಕೈ ಮುಗಿಯುತ್ತೇನೆ: ಪ್ರತಿ ವಾಯಿದೆಗೂ ರಜೆ ಹಾಕಿ ಬಂದ ನನ್ನ ಗಂಡನಿಗೆ, ನನ್ನ ಪೀರಿಯಡ್‌ಗಳನ್ನು ತಾವು ತೆಗೆದುಕೊಂಡ ಶಾಲೆಯ ಗೆಳತಿಯರಿಗೆ, ಹೆದರುತ್ತ ಹೆದರುತ್ತಲೇ ಕೊನೆವರೆಗೂ ನಿಂತ ಅಕ್ಕನಿಗೆ. ಮನೆಯ ಹಳೇ ಪತ್ರಗಳ ಜೆರಾಕ್ಸ್ ಮಾಡಿಸಿ ಕಳಿಸಿದ ಒಬ್ಬರಿಗೂ. ಅವರ ಹೆಸರು ಹೇಳುವ ಹಾಗಿಲ್ಲ, ಓದಿದರೆ ಅವರಿಗೇ ಗೊತ್ತಾಗುತ್ತದೆ.

ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಸಿಕ್ಕ ವಕೀಲರಾದ ಮೇಡಂ ನಮ್ಮಿಂದ ಒಂದು ರೂಪಾಯಿ ಫೀಸು ತೆಗೆದುಕೊಳ್ಳಲಿಲ್ಲ. 1987ರ ಕಾನೂನಿನ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರು ಸಿಗುತ್ತಾರೆ. ಇದು ಗೊತ್ತಿಲ್ಲದವರೇ ಜಾಸ್ತಿ, ಅದಕ್ಕೇ ಇಲ್ಲಿ ಬರೆದೆ.

ಇನ್ನು ಮಿಕ್ಕಿದ್ದೆಲ್ಲ ಅತ್ತೆಗೆ. ಗಂಡನ ತಾಯಿ ಅಲ್ಲ, ನಮ್ಮಪ್ಪನ ತಂಗಿ. ಬರೆಯಲಾ ಅಂತ ಕೇಳಿದ್ದಕ್ಕೆ "ಹೆಸರು ಬೇಡ ಕಣೆ, ಮಿಕ್ಕಿದ್ದು ಬರಿ" ಅಂದರು.

2021ರಲ್ಲಿ ಅಮ್ಮನ ವರ್ಷದ ತಿಥಿ ದಿನ. ಊಟ ಮುಗಿದು ಎಲೆ ಎತ್ತುತ್ತಿದ್ದೆವು. ಜಗಲಿ ಮೇಲೆ ಊರಿನ ನಾಲ್ಕು ಜನ ಹಿರಿಯರು ಕೂತಿದ್ದರು. ಅಣ್ಣ ಒಳಗಿಂದ ಛಾಪಾಕಾಗದ ತಂದಿಟ್ಟ. ಹೊಲದಲ್ಲಿ ನಮ್ಮ ಪಾಲು ಬಿಟ್ಟುಕೊಟ್ಟೆವು ಅನ್ನುವ ಹಕ್ಕು ಖುಲಾಸೆ ಪತ್ರ. ಅಕ್ಕನ ಹೆಸರು, ನನ್ನ ಹೆಸರು ಆಗಲೇ ಟೈಪ್ ಆಗಿದ್ದವು. "ಅರಿಶಿನ ಕುಂಕುಮಕ್ಕೆ ಅಂತ ಏನಾದ್ರೂ ಕೊಡ್ತಾನೆ, ಸೈನ್ ಹಾಕ್ರವ್ವ" ಅಂದರು ಹಿರಿಯರು. ಯಾರ ದನಿಯಲ್ಲೂ ಸಿಟ್ಟಿರಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಮಾಡಿ ಅನ್ನುವ ಹಾಗೆ ಹೇಳಿದರು. ನಾನು ಓದಬೇಕು, ಟೈಮ್ ಬೇಕು ಅಂದೆ. ಅಷ್ಟೇ ಅಂದದ್ದು. ಜಗಲಿ ಪೂರ್ತಿ ಮೌನವಾಯಿತು. ಆಮೇಲೆ ಬಂದ ಮಾತುಗಳನ್ನು ಬರೆಯಲು ಇವತ್ತಿಗೂ ಕೈ ಬರುವುದಿಲ್ಲ. ಮನೆಮುರುಕಿ ಅನ್ನುವುದು ಅದರಲ್ಲಿ ಎಲ್ಲಕ್ಕಿಂತ ಮೆತ್ತನೆಯದು.

ಕತ್ತಲಾದ ಮೇಲೆ ನನ್ನ ಬ್ಯಾಗು ಬಾಗಿಲ ಹೊರಗೆ ಬಂತು. ಗಂಡ ಡ್ಯೂಟಿ ಮೇಲೆ ಬೇರೆ ಊರಲ್ಲಿದ್ದರು. ಕೊನೆ ಬಸ್ಸು ಹೋಗಿತ್ತು. ಅಕ್ಕನನ್ನು ಭಾವ ಆಗಲೇ ಕರೆದುಕೊಂಡು ಹೋಗಿದ್ದರು. ನಾನು ಹುಟ್ಟಿದ ಮನೆ ಮುಂದೆ, ಆ ಬೀದಿಯಲ್ಲಿ, ಯಾರ ಮನೆಗೆ ಹೋಗಬೇಕು ಅಂತ ಗೊತ್ತಾಗದೆ ನಿಂತಿದ್ದೆ. ಅತ್ತೆ ಬಂದರು. ಏನೂ ಕೇಳಲಿಲ್ಲ. ಬ್ಯಾಗು ಎತ್ತಿಕೊಂಡು ಮುಂದೆ ನಡೆದರು, ನಾನು ಹಿಂದೆ. ಊರ ಕೊನೆಯಲ್ಲಿ ಅವರದ್ದೊಂದು ಶೀಟಿನ ಮನೆ.

ಬಿಸಿನೀರು ಕಾಯಿಸಿ ಕೈಕಾಲು ತೊಳಿ ಅಂದರು. ತಿಳಿಸಾರು ಅನ್ನ ಹಾಕಿದರು. ಇನ್ನೊಂದು ಸಲ ಬಡಿಸಲು ಬಂದಾಗ ನಾನು "ಬೇಡ ಅತ್ತೆ" ಅಂದೆ. ಹೊಟ್ಟೆ ಹಸಿದಿತ್ತು, ಆದರೂ ಬೇಡ ಅಂದೆ. ಅತ್ತೆ ಸೌಟು ಹಿಡಿದುಕೊಂಡೇ ಹೇಳಿದರು: "ಹಸಿವು ಇದ್ರೂ ಬೇಡ ಅನ್ನೋದು ನಮಗೆ ಯಾರು ಕಲಿಸಿದ್ರೇ?"

ಆ ಮಾತು ಈ ನಾಲ್ಕು ವರ್ಷ ನನ್ನ ಜೊತೆಗೇ ಇದೆ. ಎಷ್ಟು ಚಿಕ್ಕಂದಿನಿಂದ ಕಲಿಸಿದ್ದರು ಅಲ್ವಾ? ಎರಡನೇ ಸಲ ಬಡಿಸಿದರೆ ಬೇಡ. ಅಂಗಡಿಯಲ್ಲಿ ಇಷ್ಟವಾದ ಸೀರೆ ಕಂಡರೆ ಬೇಡ. ಕಾಲೇಜು ದೂರ, ಬೇಡ. ಬೇಡ ಅಂದಷ್ಟೂ ಒಳ್ಳೇ ಹುಡುಗಿ. ಕೊನೆಗೆ ಹೊಲವೂ ಬೇಡ ಅಂತ ನಾವೇ ಬರೆದು ಕೊಡಬೇಕು, ಅದೂ ನಗುತ್ತಾ.

ರಾತ್ರಿ ಎರಡು ಗಂಟೆ ಆಗಿರಬೇಕು. ನಾನು ಸೋತೆ. "ಬೆಳಿಗ್ಗೆ ಸೈನ್ ಹಾಕಿಬಿಡ್ತೀನಿ ಅತ್ತೆ. ತವರು ಒಂದು ಉಳಿದರೆ ಸಾಕು" ಅಂದೆ. ಅತ್ತೆ ಎದ್ದು ಟ್ರಂಕು ತೆಗೆದರು. ಅಡಿಯಿಂದ ಒಂದು ಹಸಿರು ರೇಷ್ಮೆ ಸೀರೆ ತೆಗೆದು ನನ್ನ ತೊಡೆ ಮೇಲಿಟ್ಟರು. ಮಡಿಕೆ ಮಡಿಕೆಯಲ್ಲೂ ಸೀಳಿತ್ತು. ಒಂದು ಸಲವೂ ಉಟ್ಟದ್ದಲ್ಲ. 1974ರಲ್ಲಿ, ತಾತ ತೀರಿಕೊಂಡ ಮೇಲೆ, ಹತ್ತೊಂಬತ್ತು ವರ್ಷದ ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಕೊಟ್ಟ ಸೀರೆ. "ಇದೇ ಕಣೆ ನನ್ನ ಹೊಲ" ಅಂದರು. ಮರುವರ್ಷವೇ ಗಂಡ ಹೋದರು. ಹಸಿರು ಸೀರೆ ಉಡುವ ಹಾಗಿಲ್ಲ ಅಂದರು ಊರವರು. ಗಂಡನ ಮನೆಯಲ್ಲಿ ಜಾಗ ಇರಲಿಲ್ಲ, ವಾಪಸ್ ಬಂದರು. ಆಮೇಲೆ ಅದೇ ಹೊಲದಲ್ಲಿ ಕೂಲಿಗೆ ಕಳೆ ಕಿತ್ತರು.

ಹೆಬ್ಬೆಟ್ಟು ಒತ್ತಿಸಿಕೊಂಡವರು ನಮ್ಮಪ್ಪ. ಕೂಲಿ ಕೊಡುತ್ತಿದ್ದವರೂ ನಮ್ಮಪ್ಪ.

ಇದನ್ನು ಬರೆಯುವಾಗ ಕೈ ನಡುಗುತ್ತಿದೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ ಅಪ್ಪ ಅವರು. ಅತ್ತೆ ಕಳೆ ಕೀಳುವಾಗ ನಾನು ಬದುವಿನ ಮೇಲೆ ಆಡುತ್ತಿದ್ದೆ. ಅವರು ಕೂಲಿಯವರ ಜೊತೆ ಕೂತು ಊಟ ಮಾಡುತ್ತಿದ್ದುದು ನನಗೆ ಒಂದು ದಿನವೂ ವಿಚಿತ್ರ ಅನ್ನಿಸಲಿಲ್ಲ. ಅಪ್ಪ ಕೆಟ್ಟವರಾಗಿರಲಿಲ್ಲ. ಅಣ್ಣನೂ ಕೆಟ್ಟವನಲ್ಲ. ಯಾರೂ ಕೆಟ್ಟವರಲ್ಲದೇ ಇದ್ದರೂ ಇಷ್ಟೆಲ್ಲ ನಡೆದುಹೋಗುತ್ತದೆ, ಅದೇ ನನಗೆ ತಡೆಯಲಾಗದ ಸಂಕಟ. ಅತ್ತೆಗೆ ಯಾರೂ ಕ್ಷಮೆ ಕೇಳಲಿಲ್ಲ. ಅಪ್ಪ 2003ರಲ್ಲಿ ಹೋದರು, ಇನ್ನು ಕೇಳುವುದೂ ಇಲ್ಲ. ಅವರ ಪರವಾಗಿ ನಾನು ಕೇಳುತ್ತಿದ್ದೇನೆ ಅತ್ತೆ. ತಪ್ಪಾಯಿತು.

ಆ ರಾತ್ರಿ ಅತ್ತೆ ಮಲಗಲಿಲ್ಲ. ನನಗೆ ಬುದ್ಧಿಯನ್ನೂ ಹೇಳಲಿಲ್ಲ. ಹಾಕು ಅನ್ನಲಿಲ್ಲ, ಹಾಕಬೇಡ ಅನ್ನಲೂ ಇಲ್ಲ. ಪಕ್ಕದಲ್ಲಿ ಕೂತು ನನ್ನ ತಲೆ ನೇವರಿಸುತ್ತಿದ್ದರು. ಬೆಳಿಗ್ಗೆ ಮೊದಲನೇ ಬಸ್ಸಿಗೆ ಹತ್ತಿಸುವಾಗ ಮಾತ್ರ "ಯೋಚ್ನೆ ಮಾಡಿ ಮಾಡು, ಹೆದ್ರಿ ಮಾಡ್ಬೇಡ" ಅಂದರು. ಅದೇ ಊರಲ್ಲಿ, ಅದೇ ಜನರ ನಡುವೆ ಬದುಕಬೇಕಾದವರು ಅವರು. ಆಮೇಲೆ ಆರು ತಿಂಗಳು ಊರಲ್ಲಿ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ ಅಂತ ನನಗೆ ತುಂಬ ತಡವಾಗಿ ಗೊತ್ತಾಯಿತು.

ಕಂಡೇ ಇಲ್ಲದ ಕೆಲವರಿಗೂ ನಾನು ಋಣಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಅಂದಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಬಿಟ್ಟಿತು. ಅಕ್ಕನ ಮದುವೆ ಆಗಿದ್ದು 1993ರಲ್ಲಿ. ನನ್ನದು 1999ರಲ್ಲಿ. ಒಂದೇ ತಾಯಿ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಒಂದು ತಾರೀಕಿನಿಂದ ಬೇರೆ ಬೇರೆ ಲೆಕ್ಕ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಭೇದ ಹೋಯಿತು. ಆದರೆ 2015ರಲ್ಲಿ, ನಮ್ಮ ರಾಜ್ಯದಿಂದಲೇ ಹೋದ ಫೂಲವತಿ ಪ್ರಕರಣದಲ್ಲಿ, ಆ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕಿತ್ತು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರಿಂದ ಅಕ್ಕನಿಗೆ ಮತ್ತೆ ಬಾಗಿಲು ಮುಚ್ಚಿತು. 2018ರಲ್ಲಿ ದಾನಮ್ಮ ಪ್ರಕರಣ, ಅದೂ ನಮ್ಮ ಕರ್ನಾಟಕದ್ದೇ. ತಂದೆ 2001ರಲ್ಲೇ ತೀರಿಕೊಂಡಿದ್ದರೂ ಆ ಹೆಣ್ಣುಮಕ್ಕಳಿಗೆ ಐದರಲ್ಲಿ ಒಂದೊಂದು ಪಾಲು ಸಿಕ್ಕಿತು. ಎರಡು ತೀರ್ಪು ಎರಡು ದಾರಿ ತೋರಿಸಿದವು. ಕೊನೆಗೆ 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಆ ದಿನ ಬದುಕಿರಬೇಕಿಲ್ಲ ಅಂತ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಅಕ್ಕನ 1 ಎಕರೆ 4 ಗುಂಟೆ ಬಂದದ್ದು ಆ ದಾರಿಯಿಂದ. ಫೂಲವತಿ, ದಾನಮ್ಮ, ವಿನೀತಾ ಅವರ ಊರುಗಳಲ್ಲೂ ಜಗಲಿಗಳು ಇದ್ದಿರಬೇಕು. ಅಲ್ಲಿ ಅವರು ಏನೇನು ಕೇಳಿಸಿಕೊಂಡರೋ. ನಿಮಗೆ ನನ್ನ ನಮಸ್ಕಾರ ತಾಯಿ.

ಏನೂ ಕಳೆದುಕೊಳ್ಳಲಿಲ್ಲ ಅಂದರೆ ಸುಳ್ಳಾಗುತ್ತದೆ. ನಾಲ್ಕು ಗೌರಿ ಹಬ್ಬಗಳಲ್ಲಿ ತವರಿಂದ ಅರಿಶಿನ ಕುಂಕುಮ ಬರಲಿಲ್ಲ. ಅಣ್ಣನ ಮಗಳ ಮದುವೆಗೆ ನನ್ನನ್ನು ಕರೆಯಲಿಲ್ಲ. ಆ ಮಗು ನನ್ನ ಮಡಿಲಲ್ಲಿ ಬೆಳೆದದ್ದು. ಮದುವೆ ದಿನ ಶಾಲೆಯಲ್ಲಿ ಪಾಠ ಮಾಡುತ್ತಾ ನಿಂತಿದ್ದೆ, ಏನು ಪಾಠ ಅಂತ ನೆನಪಿಲ್ಲ. ಅವಳಿಗೂ ಅವಳಪ್ಪನ ಹೊಲದಲ್ಲಿ ಪಾಲಿದೆ ಅಂತ ಒಂದಲ್ಲ ಒಂದು ದಿನ ಅವಳಿಗೆ ಗೊತ್ತಾಗಲಿ. ನನ್ನ ಮನೆ ಬಾಗಿಲು ಅಣ್ಣನಿಗೂ ಅವಳಿಗೂ ತೆಗೆದೇ ಇದೆ.

ಸೋಮವಾರ ನಾಡಕಚೇರಿಯಿಂದ ಸೀದಾ ಅತ್ತೆ ಮನೆಗೆ ಹೋದೆ. ಪಹಣಿ ಅವರ ಕೈಗೆ ಕೊಟ್ಟೆ. ಓದಲು ಬರುವುದಿಲ್ಲ, ನನ್ನ ಹೆಸರು ಎಲ್ಲಿದೆ ಅಂತ ತೋರಿಸಿದೆ. ಅದರ ಮೇಲೆ ಬೆರಳು ಇಟ್ಟುಕೊಂಡು ತುಂಬ ಹೊತ್ತು ಕೂತಿದ್ದರು. ಹೊರಡುವಾಗ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ತಂದರು. ತಂದು ಸುಮ್ನೆ ನಿಂತರು. "ನಾನು ತುಂಬಬಹುದೇನೇ?" ಅಂದರು. ಮಡಿಲಕ್ಕಿಯನ್ನು ಮುತ್ತೈದೆಯರೇ ತುಂಬಬೇಕು ಅನ್ನುವುದನ್ನು ಅವರು ಸುಮಾರು ಐವತ್ತು ವರ್ಷದಿಂದ ಕೇಳಿದ್ದಾರೆ. ನಾನು ಸೆರಗು ಒಡ್ಡಿದೆ. ಅತ್ತೆ ಬೊಗಸೆ ತುಂಬ ತುಂಬಿ ಐದು ಸಲ ಹಾಕಿದರು.

ಆಗಲೇ ಕೇಳಿದೆ. "ಅತ್ತೆ, ನನ್ನ ಪಾಲಲ್ಲಿ ಆ 4 ಗುಂಟೆ ನಿಮ್ಮ ಹೆಸರಿಗೆ ಮಾಡಿಸಬೇಕು ಅಂತಿದ್ದೀನಿ. ಹೇಗೆ ಅಂತ ವಕೀಲರನ್ನ ಕೇಳ್ತೀನಿ."

ಬೇಡ ಅನ್ನಬಹುದು ಅಂದುಕೊಂಡಿದ್ದೆ. ಸ್ವಲ್ಪ ಯೋಚನೆ ಮಾಡಿದರು.

"ಬಾವಿ ಕಡೆಯದು ಕೊಡು. ಅಲ್ಲಿ ಮಣ್ಣು ಚೆನ್ನಾಗದೆ, ಅವರೆ ಹಾಕ್ತೀನಿ" ಅಂದರು.