ಅಲ್ಜೀರಿಯಾದ ಪಟ್ಟಿಗೆ ಸೇರದ ಅಡುಗೆಮನೆಗಳು

ಮಾನ್ಯರೇ,

ಫ್ರಾನ್ಸ್ ವಿರುದ್ಧ ನಡೆದ ಅಲ್ಜೀರಿಯಾದ ಸ್ವಾತಂತ್ರ್ಯ ಸಮರದ (1954–62) ಮಹಿಳೆಯರ ಬಗ್ಗೆ ಬರುವ ಬರಹಗಳು ಸಾಮಾನ್ಯವಾಗಿ 1956ರ ಸೆಪ್ಟೆಂಬರ್ 30ರಲ್ಲೇ ನಿಂತುಬಿಡುತ್ತವೆ. ಅಂದು ರಾಜಧಾನಿ ಆಲ್ಜಿಯರ್ಸ್‌ನಲ್ಲಿ ಹೋರಾಟಗಾರ್ತಿಯರಾದ ಝೊಹ್ರಾ ದ್ರಿಫ್, ಸಾಮಿಯಾ ಲಖ್ದಾರಿ, ಜಮೀಲಾ ಬುಹಿರದ್ ಯುರೋಪಿಯನ್ ಯುವತಿಯರಂತೆ ಸಿಂಗರಿಸಿಕೊಂಡು, ಚೀಲದಲ್ಲಿ ಬಾಂಬ್ ಇಟ್ಟುಕೊಂಡು ಸೈನಿಕರ ತಪಾಸಣೆ ದಾಟಿದರು. ಮಿಲ್ಕ್ ಬಾರ್ ಎಂಬ ಕೆಫೆಯಲ್ಲೂ ಇನ್ನೊಂದು ಕೆಫೆಯಲ್ಲೂ ಸ್ಫೋಟವಾಗಿ ನಾಗರಿಕರು ಸತ್ತರು. ಏರ್ ಫ್ರಾನ್ಸ್ ಕಚೇರಿಯಲ್ಲಿಟ್ಟದ್ದು ಸಿಡಿಯಲಿಲ್ಲ.

ಆದರೆ ಯುದ್ಧಾನಂತರ ಹೋರಾಟಗಾರ್ತಿಯರೆಂದು ಸರ್ಕಾರಿ ಪಟ್ಟಿಗೆ ಸೇರಿದ ಸುಮಾರು 11 ಸಾವಿರ ಮಹಿಳೆಯರಲ್ಲಿ ಬಾಂಬ್ ಇಟ್ಟವರು ನೂರಕ್ಕೆ ಇಬ್ಬರೂ ಇಲ್ಲ. ಹೆಚ್ಚಿನವರು ಹಳ್ಳಿಯವರು, ಅವರ ಕೆಲಸ ಆಶ್ರಯ ಮತ್ತು ಊಟ. ಬೆಟ್ಟದ ಗೆರಿಲ್ಲಾ ಪಡೆ ಸೇರಿದವರಲ್ಲೂ ಬಹುಪಾಲು ದಾದಿಯರು, ಅಡುಗೆ–ಬಟ್ಟೆ ನೋಡಿಕೊಂಡವರು.

ಇದು ಸುಲಭದ ಕೆಲಸವೇನಲ್ಲ. ಕತ್ತಲಾದ ಮೇಲೆ ಬರುವ ಹೋರಾಟಗಾರರ ತುಕಡಿಯವರು ಉಂಡು, ಬೆಳಗಾಗುವುದರೊಳಗೆ ಊರು ಬಿಡಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಹೊಗೆ ಎದ್ದರೆ, ಮನೆಮಂದಿಯ ಲೆಕ್ಕ ಮೀರಿ ಹಿಟ್ಟು ಸಿಕ್ಕರೆ, ಅಂಗಳದಲ್ಲಿ ಗಂಡಸರ ಬಟ್ಟೆ ಹೆಚ್ಚು ಒಣಗುತ್ತಿದ್ದರೆ ಅಷ್ಟೇ ಸಾಕ್ಷಿ. ಗಂಡಸರು ಬೆಟ್ಟದಲ್ಲೋ ಜೈಲಿನಲ್ಲೋ ಇರುವಾಗ ದಾಳಿಗೆ ಮೈಯೊಡ್ಡಬೇಕಾದವಳು ಮನೆಯಲ್ಲಿದ್ದವಳೇ. ಈ ಅಡುಗೆಮನೆಗಳ ಬೆಲೆ ಫ್ರೆಂಚ್ ಸೈನ್ಯಕ್ಕೆ ಚೆನ್ನಾಗಿ ಗೊತ್ತಿತ್ತು. ಹೋರಾಟಗಾರರಿಗೆ ಅನ್ನದ ದಾರಿ ಮುಚ್ಚಲೆಂದೇ ಊರೂರುಗಳನ್ನು ನಿಷೇಧಿತ ವಲಯವೆಂದು ಸಾರಿ, ಸುಮಾರು 20 ಲಕ್ಷ ಜನರನ್ನು ಎಬ್ಬಿಸಿ ಶಿಬಿರಗಳಿಗೆ ತುಂಬಿತು.

ಆ ಸರ್ಕಾರಿ ಪಟ್ಟಿಗೆ ಸೇರಲು ಮಾತ್ರ ಅರ್ಜಿ ಬೇಕಿತ್ತು, ಸಹ ಹೋರಾಟಗಾರರ ಸಾಕ್ಷ್ಯವೂ ಬೇಕಿತ್ತು. ಓದು ಬಾರದವಳು ಅರ್ಜಿ ಬರೆಸುವುದು ಯಾರ ಕೈಯಲ್ಲಿ? ಬಂದುಂಡು ಹೋದವರ ಗುಪ್ತನಾಮವಷ್ಟೇ ಆಕೆಗೆ ಗೊತ್ತು. ಅವರಲ್ಲಿ ಎಷ್ಟೋ ಜನ ಸತ್ತೂಹೋದರು. ಒಟ್ಟು ಪಟ್ಟಿಯಲ್ಲಿ ಮಹಿಳೆಯರು ನೂರಕ್ಕೆ ಮೂರರ ಆಸುಪಾಸಿನಲ್ಲಿ ಉಳಿದದ್ದಕ್ಕೆ ಇದೂ ಒಂದು ಕಾರಣ.

ನಮ್ಮ ಕೇಂದ್ರ ಸರ್ಕಾರದ ಸ್ವಾತಂತ್ರ್ಯ ಯೋಧರ ಪಿಂಚಣಿಯ ನಿಯಮವನ್ನೂ ನೋಡಿ. ಆರು ತಿಂಗಳ ಸೆರೆವಾಸ ಕೇಳುತ್ತದೆ, ಮಹಿಳೆಯರಿಗೆ ಮೂರು ತಿಂಗಳಿಗೆ ಇಳಿಸಿದೆ. ಭೂಗತನಾಗಿದ್ದವನು, ತನ್ನ ತಲೆಗೆ ಬಹುಮಾನ ಕಟ್ಟಿದ್ದ ಆದೇಶ ತೋರಿಸಿದರೂ ಆಯಿತು. ಅವನನ್ನು ಅಟ್ಟದ ಮೇಲೆ ಅಡಗಿಸಿ ಉಣ್ಣಿಸಿದವಳು ಯಾವ ಕಾಗದ ತೋರಿಸಬೇಕಿತ್ತು?

ಆಗಸ್ಟ್ ವಿಶೇಷ ಪುಟಕ್ಕೆ 1942ರ ಭೂಗತ ಚಳವಳಿಯ ಬಗ್ಗೆ ಬರೆಸುವಾಗ, ಆ ನಾಯಕರು ಯಾರ ಯಾರ ಮನೆಯಲ್ಲಿ ಉಂಡರು ಎಂಬುದನ್ನೂ ಕೇಳಿ ಬರೆಸಬೇಕೆಂದು ವಿನಂತಿ.

– ಇತಿಹಾಸ ಉಪನ್ಯಾಸಕಿ, ಧಾರವಾಡ