8 ಎಂಎಂ ಲಿವರ್‌ಗೆ ಢಾಯಿ ಸೂತ್ ಡೈ: ಗೇರ್ ನಾಬ್ ರಿಪೇರಿ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಹಳೆ ಗಾಡಿಗಳ ರಿಪೇರಿ ವರ್ಕ್‌ಶಾಪ್,
ರಿಂಗ್ ರೋಡ್, ಕಲಬುರಗಿ

ವಿಷಯ: ಗೇರ್ ನಾಬ್ ಥ್ರೆಡ್ ರಿಪೇರಿಯಲ್ಲಿ ಚೆನ್ನಾಗಿದ್ದ ಲಿವರ್ ಕೆಡಿಸಿದ್ದು, ಮಾಡದ ಕೆಲಸಕ್ಕೆ ಬಿಲ್ ಹಾಕಿದ್ದು.

ಮಾನ್ಯರೇ,

ಕಳೆದ ತಿಂಗಳು ನನ್ನ 1989ರ ಮಾರುತಿ ಜಿಪ್ಸಿಯನ್ನು ನಿಮ್ಮಲ್ಲಿ ಬಿಟ್ಟಿದ್ದೆ. ಇದ್ದದ್ದು ಒಂದೇ ಕೆಲಸ. ಗೇರ್ ನಾಬ್, ಅಂದರೆ ಗೇರ್ ಲಿವರ್ ತುದಿಯ ಹಿಡಿ, ಲಿವರ್ ಮೇಲೆ ನಿಲ್ಲುತ್ತಿರಲಿಲ್ಲ. ಒಳಗಿನ ಥ್ರೆಡ್ (ಚೂಡಿ) ಸವೆದು ಹೋಗಿತ್ತು, ಎಷ್ಟು ಬಿಗಿ ಮಾಡಿದರೂ ಸುಮ್ನೆ ತಿರುಗುತ್ತಿತ್ತು. ಲಿವರ್ ಮೇಲಿನ ಥ್ರೆಡ್‌ಗೆ ಏನೂ ಆಗಿರಲಿಲ್ಲ. ನಿಮ್ಮ ಮೇಸ್ತ್ರಿಯೇ ಅದರ ಮೇಲೆ ಬೆರಳಾಡಿಸಿ, "ರಾಡ್ ಮಸ್ತ್ ಅದ ಕಾಕಾ, ನಾಬಿಂದಷ್ಟೇ ಚೂಡಿ ಹೋಗ್ಯಾದ" ಅಂದಿದ್ದರು. ಈಗ ಆ ಲಿವರ್ ಕೂಡ ಕೆಟ್ಟಿದೆ. ನನ್ನ ಮುಖ್ಯ ದೂರು ಇದೇ.

ಹೊಸ ನಾಬ್ ಹಾಕಿಸಿ ಅಂತ ನಿಮ್ಮವರು ಮೊದಲೇ ಹೇಳಿದ್ದು ನಿಜ. ಬೇಡ ಅಂದವನು ನಾನೇ. ಆ ಗಾಡಿ ನಮ್ಮಪ್ಪನದು. ಆಳಂದ ಕಡೆಯ ಹೊಲಕ್ಕೆ, ತೊಗರಿ ರಾಶಿಯಾದ ಮೇಲೆ ಗಂಜ್‌ಗೆ, ಅವರು ಓಡಾಡಿದ್ದೆಲ್ಲ ಅದರಲ್ಲೇ. ನಾಬ್ ತಲೆಯ ಮೇಲೆ ಬರೆದಿರುವ ಅಂಕಿಗಳಲ್ಲಿ 3, 4 ಇನ್ನೂ ಕಾಣುತ್ತವೆ. 1 ಅರ್ಧ ಅಳಿಸಿದೆ. 2 ಪೂರ್ತಿ ಹೋಗಿದೆ, ಆ ಜಾಗ ಹುಣಸೆ ಬೀಜದ ಹಾಗೆ ನುಣುಪಾಗಿದೆ. ಅಪ್ಪನ ಅಂಗೈ ಕೂರುತ್ತಿದ್ದ ಜಾಗ ಅದು. ಇದನ್ನೆಲ್ಲ ನಿಮ್ಮ ಕೌಂಟರ್ ಮುಂದೆ ನಿಂತು ಹೇಳಿಯೇ ನಾಬ್ ಉಳಿಸಿಕೊಡಿ ಅಂತ ಕೇಳಿದ್ದೆ. ಎರಡು ವರ್ಷದ ಹಿಂದೆ ಇದೇ ಗಾಡಿಯ ಕಾರ್ಬುರೇಟರ್ ಕೆಲಸ ನೀವೇ ಮಾಡಿದ್ದಿರಿ. ಇವತ್ತಿಗೂ ಒಂದು ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಆ ನಂಬಿಕೆಯಿಂದಲೇ ಬಂದಿದ್ದೆ.

ಹೆಲಿಕಾಯಿಲ್ ಹಾಕಿಕೊಡುತ್ತೇವೆ ಅಂದಿರಿ. ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಅದಕ್ಕೆಂದೇ ಇರುವ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹೊಡೆದು, ಸ್ಟೀಲ್ ತಂತಿಯ ಸುರುಳಿ ಕೂರಿಸಿದರೆ ಒಳಗೆ ಮೊದಲಿನ ಅಳತೆಯ ಥ್ರೆಡ್ಡೇ ಮತ್ತೆ ಸಿಗುತ್ತದೆ ಅಂತ ವಿವರಿಸಿದ್ದೂ ನೀವೇ. ಬಿಲ್‌ನಲ್ಲಿ "ಹೆಲಿಕಾಯಿಲ್ ಫಿಟ್ಟಿಂಗ್, ಲೇಬರ್ ಸೇರಿ 1,650 ರೂಪಾಯಿ" ಎಂದಿದೆ. ಪೂರ್ತಿ ಹಣ ಕೊಟ್ಟಿದ್ದೇನೆ.

ಗಾಡಿ ತಂದು ಒಂಬತ್ತು ದಿನ ಆಗಿತ್ತು. ಹುಮನಾಬಾದ್ ರಸ್ತೆಯಲ್ಲಿ ಮುಂದಿದ್ದ ಲಾರಿ ನಿಧಾನ ಆಯಿತು. ಮೂರರಿಂದ ಎರಡಕ್ಕೆ ಎಳೆದೆ. ನಾಬ್ ಕೈಗೆ ಬಂತು, ಲಿವರ್ ಅಲ್ಲೇ ನ್ಯೂಟ್ರಲ್‌ನಲ್ಲಿ ಉಳಿಯಿತು. ಬ್ರೇಕ್ ಒತ್ತಿಕೊಂಡೇ ಬರೀ ರಾಡ್ ಹಿಡಿದು ಗೇರ್ ಹಾಕಲು ಹೋದೆ, ಅದರ ತುದಿ ಅಂಗೈಗೆ ಚುಚ್ಚಿತು. ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಹಿಂದೆ ಬಸ್ ಇತ್ತು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದೆ. ನಾಬ್ ಬೋರಲು ಹಾಕಿ ತಟ್ಟಿದರೆ ಬೂದು ಬಣ್ಣದ ಪುಟ್ಟಿಯ ಚೂರುಗಳು ಉದುರಿದವು. ಪಿನ್ ಹಾಕಿ ಒಳಗೆಲ್ಲ ಕೆರೆದು ನೋಡಿದೆ. ತಂತಿಯ ಸುರುಳಿ ಎಲ್ಲೂ ಇಲ್ಲ.

ಲಿವರ್ ಬಿಚ್ಚಿಕೊಂಡು ಕಪನೂರ ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿಯವರು ಪಿಚ್ ಗೇಜ್ ಇಟ್ಟು ತೋರಿಸಿದರು. ಪಿಚ್ ಅಂದರೆ ಥ್ರೆಡ್‌ನ ಒಂದು ಏಣಿನಿಂದ ಮುಂದಿನ ಏಣಿಗಿರುವ ಅಂತರ; ಅದನ್ನು ಅಳೆಯುವ ಹಲ್ಲಿನ ಎಲೆಗಳ ಗೇಜ್ ಅದು. ಥ್ರೆಡ್‌ನ ಕೆಳಭಾಗದಲ್ಲಿ 1.25ರ ಎಲೆ ಬೆಳಕು ಕಾಣದ ಹಾಗೆ ಕೂತಿತು. ಅಂದರೆ ಮೂಲ ಥ್ರೆಡ್ 8 ಎಂಎಂ ದಪ್ಪ, 1.25 ಎಂಎಂ ಪಿಚ್. ಮೇಲಿನ ಆರೇಳು ಸುತ್ತಿನಲ್ಲಿ ಆ ಎಲೆ ಕೂರಲೇ ಇಲ್ಲ. ಇಂಚಿಗೆ 18 ಸುತ್ತಿನ ಎಲೆ ಇಟ್ಟಾಗ ಕೂತಿತು. ನಿಮ್ಮಲ್ಲಿ ಆಗಿದ್ದು ಇದು: ನಾಬ್‌ಗೆ ಪುಟ್ಟಿ ತುಂಬಿ, ಗಟ್ಟಿಯಾದ ಮೇಲೆ ಕೈಗೆ ಸಿಕ್ಕ ಢಾಯಿ ಸೂತ್ ಟ್ಯಾಪ್ ಹೊಡೆದಿದ್ದಾರೆ. ಅದು ರಾಡ್‌ಗೆ ಹತ್ತಲಿಲ್ಲ. ಹತ್ತಲಿ ಅಂತ ಅದೇ ಅಳತೆಯ ಡೈಯನ್ನು (ರಾಡ್ ಹೊರಗೆ ಥ್ರೆಡ್ ಕೊರೆಯುವ ಉಪಕರಣ) ರಾಡ್ ಮೇಲೆ ಓಡಿಸಿದ್ದಾರೆ.

ಢಾಯಿ ಸೂತ್ ಅಂದರೆ 5/16 ಇಂಚು, 7.94 ಎಂಎಂ. ದಪ್ಪ ಹೆಚ್ಚುಕಡಿಮೆ 8 ಎಂಎಂ ಇದ್ದ ಹಾಗೇ ಇರುವುದರಿಂದ ಡೈ ಮೇಲೆ ಹತ್ತಿಬಿಡುತ್ತದೆ. ಆದರೆ ಇಂಚಿಗೆ 18 ಸುತ್ತು ಅಂದರೆ ಅದರ ಪಿಚ್ 1.41 ಎಂಎಂ. ಒಂದೊಂದು ಸುತ್ತಿಗೂ 0.16 ಎಂಎಂ ಫರಕು. ಎಂಟು ಸುತ್ತಿಗೆ ಒಂದು ಇಡೀ ಸುತ್ತಿನಷ್ಟು ಆಚೀಚೆ ಆಗುತ್ತದೆ. ಹಳೆ ಏಣುಗಳ ಮೇಲೆಯೇ ಹೊಸ ಏಣು ಕೊರೆದು ಎರಡೂ ಉಳಿದಿಲ್ಲ. ನೀವು ದಿನಾ ಇದೇ ಕೆಲಸ ಮಾಡುವವರು. ಟ್ಯಾಪ್ ಹಿಡಿಯುವ ಮೊದಲು ಒಂದು 8 ಎಂಎಂ ನಟ್ ಹಾಕಿ ತಿರುಗಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು, ಅಲ್ವಾ? ಹೆಲಿಕಾಯಿಲ್ ಕಿಟ್ ಇಲ್ಲ ಅಂತ ಫೋನ್ ಮಾಡಿದ್ದರೂ ನಾನು ಬೇಜಾರಾಗುತ್ತಿರಲಿಲ್ಲ. ಒಂದು ತಿಂಗಳು ಕಾಯುತ್ತಿದ್ದೆ. ಈಗ ಮಾರ್ಕೆಟ್‌ನಿಂದ ಹೊಸ ನಾಬ್ ತಂದರೂ ಈ ಲಿವರ್ ಮೇಲೆ ನಿಲ್ಲುವುದಿಲ್ಲ.

ಮಾರನೇ ದಿನ ನಿಮ್ಮಲ್ಲಿಗೆ ಬಂದಾಗ ನೀವು ಇರಲಿಲ್ಲ. ಕೌಂಟರ್‌ನಲ್ಲಿದ್ದ ಹುಡುಗ, "ಹಳಿ ಗಾಡಿ ಅದ ಕಾಕಾ, ಅಷ್ಟು ಅಲುಗಾಡ್ತದ ಬಿಡ್ರಿ" ಅಂದ. ನಾಬ್ ಅಲುಗಾಡಿದ್ದಲ್ಲ, ಓಡುವ ಗಾಡಿಯಲ್ಲಿ ಕಿತ್ತು ಕೈಗೆ ಬಂದಿದ್ದು. ಆ ಮಾತು ನನಗೆ ತುಂಬ ನೋವು ಮಾಡಿದೆ.

ಲಿವರ್ ತುದಿಗೆ ವೆಲ್ಡ್ ತುಂಬಿ, ಲೇತ್‌ನಲ್ಲಿ ಸಾಪು ಮಾಡಿ, 8 ಎಂಎಂ 1.25 ಥ್ರೆಡ್ ಹೊಸದಾಗಿ ಕೊರೆಯಬೇಕು. ನಾಬ್‌ನ ಪುಟ್ಟಿಯೆಲ್ಲ ತೆಗೆದು ಹಿತ್ತಾಳೆ ಬುಷ್ ಕೂರಿಸಬೇಕು. ಬುಷ್‌ಗೆ 6.8ರ ಡ್ರಿಲ್ ಹಾಕಿ ಸರಿಯಾದ ಟ್ಯಾಪ್ ಹೊಡೆಯುತ್ತೇನೆ, ಎರಡಕ್ಕೂ ಸೇರಿ 1,200 ರೂಪಾಯಿ ಅಂತ ಲೇತ್‌ನವರು ಹೇಳಿದ್ದಾರೆ. ನೀವು ತೆಗೆದುಕೊಂಡ 1,650 ರೂಪಾಯಿ ವಾಪಸ್ ಕೊಡಬೇಕು, ಈ 1,200 ರೂಪಾಯಿಯನ್ನೂ ನೀವೇ ಭರಿಸಬೇಕು. ನಾಬ್ ಕೆಳಗೆ ಒಂದು ತೆಳು ಲಾಕ್ ನಟ್ ಇತ್ತು, ಗಾಡಿ ವಾಪಸ್ ಬಂದಾಗ ಅದು ಇರಲಿಲ್ಲ. ದಯವಿಟ್ಟು ಹುಡುಕಿಸಿ ಕೊಡಿ. ಕೆಲಸ ಮಾತ್ರ ಮತ್ತೆ ನಿಮ್ಮಲ್ಲಿ ಮಾಡಿಸುವುದಿಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಲಬುರಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದ ದೂರಿಗೆ ಅಲ್ಲಿ ಶುಲ್ಕ ಇಲ್ಲ, ಹಾಗಾಗಿ ಮೊತ್ತ ಸಣ್ಣದು ಅಂತ ನಾನು ಸುಮ್ಮನಾಗುವುದಿಲ್ಲ.

ಲಿವರ್, ನಾಬ್ ಎರಡನ್ನೂ ಲೇತ್‌ಗೆ ಇನ್ನೂ ಕೊಟ್ಟಿಲ್ಲ. ಉದುರಿದ ಪುಟ್ಟಿಯನ್ನೂ ಒಂದು ಪೊಟ್ಟಣದಲ್ಲಿ ಕಟ್ಟಿಟ್ಟಿದ್ದೇನೆ. ನಿಮ್ಮ ಮೇಸ್ತ್ರಿಯನ್ನು ಪಿಚ್ ಗೇಜ್ ಸಮೇತ ಮನೆಗೆ ಕಳಿಸಿ, ಅವರೇ ಇಟ್ಟು ನೋಡಲಿ. ಅಲ್ಲಿಯವರೆಗೆ ಗಾಡಿ ಅಂಗಳದಲ್ಲೇ ನಿಂತಿರುತ್ತದೆ.

ಇಂತಿ,
ನಿಮ್ಮ ಗ್ರಾಹಕ,
1989ರ ಜಿಪ್ಸಿಯ ಮಾಲೀಕ
ಕಲಬುರಗಿ

ಲಗತ್ತು: ಬಿಲ್‌ನ ನಕಲು, ಲಿವರ್ ಮತ್ತು ನಾಬ್‌ನ ಫೋಟೊಗಳು, ಲೇತ್ ಅಂಗಡಿಯ ಕೊಟೇಶನ್